ಪ್ರವಾಸದಿಂದ ಮರಳಿದ ಮೇಲೆ ಜ್ವರ: ಮಲೇರಿಯಾ ಪತ್ತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಷ್ಣವಲಯದಲ್ಲಿ ರಜೆ ಕಳೆದು ಬಂದವರು ಜ್ವರ ಹಿಡಿದು ಮಲಗಿದಾಗ ವಿಮಾನದಲ್ಲಿ ಪಕ್ಕದಲ್ಲಿ ಕೂತು ಕೆಮ್ಮುತ್ತಿದ್ದವರನ್ನು ನೆನೆಯುತ್ತಾರೆ, ಇಲ್ಲವೇ ಕೊನೆಯ ದಿನದ ಊಟವನ್ನು ದೂರುತ್ತಾರೆ. ಸೊಳ್ಳೆಯ ನೆನಪು ಬರುವುದು ಎಲ್ಲಕ್ಕಿಂತ ಕೊನೆಗೆ. ಮಲೇರಿಯಾ ಪತ್ತೆ ತಡವಾಗುವುದಕ್ಕೆ ಪ್ರಯೋಗಾಲಯದ ತಪ್ಪಿಗಿಂತ ಈ ಮರೆವೇ ದೊಡ್ಡ ಕಾರಣ. ಪರೀಕ್ಷೆಯನ್ನು ಯಾರೂ ಕೇಳದಿದ್ದರೆ ಪ್ರಯೋಗಾಲಯ ತಾನಾಗಿ ಹುಡುಕುವುದಿಲ್ಲ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಒಂದು ಮಾತು ಹಲವು ಬಾರಿ ಬರುತ್ತದೆ: ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.

ಮರಳಿ ಬಂದ ಎಷ್ಟು ದಿನಗಳೊಳಗೆ ಜ್ವರ ಬಂದರೆ ಮಲೇರಿಯಾ ಎಂದು ಅನುಮಾನಿಸಬೇಕು?

ಕೆಳಗಿನ ಗಡಿ ಸೊಳ್ಳೆ ಕಚ್ಚಿದ ದಿನದಿಂದ ಸುಮಾರು ಏಳು ದಿನ. ಸೊಳ್ಳೆ ಕಚ್ಚಿದಾಗ ಒಳಸೇರುವ ರೋಗಾಣುಗಳು ಮೊದಲು ಯಕೃತ್ತಿಗೆ ಹೋಗಿ ಕೂರುತ್ತವೆ. ಅಲ್ಲಿ ಸದ್ದಿಲ್ಲದೆ ಸಾವಿರಾರು ಪಟ್ಟು ಹೆಚ್ಚುತ್ತವೆ. ಆಮೇಲೆ ರಕ್ತಕ್ಕಿಳಿದು ಕೆಂಪು ಕಣಗಳನ್ನು ಒಡೆಯತೊಡಗಿದಾಗಲೇ ಜ್ವರ ಕಾಣಿಸಿಕೊಳ್ಳುವುದು. ಹಾಗಾಗಿ ಸೋಂಕಿನ ಪ್ರದೇಶಕ್ಕೆ ಮೊದಲ ಬಾರಿ ಕಾಲಿಟ್ಟ ಮೂರನೆಯ ದಿನವೇ ಜ್ವರ ಬಂದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಮೇಲಿನ ಗಡಿ ಇಷ್ಟು ಸ್ಪಷ್ಟವಾಗಿಲ್ಲ. ಪ್ರಾಣಕ್ಕೆ ಹೆಚ್ಚು ಅಪಾಯ ತರುವ ಫಾಲ್ಸಿಪಾರಂ ಜಾತಿಯ ಮಲೇರಿಯಾ ಬಹುತೇಕ ಪ್ರವಾಸಿಗಳಲ್ಲಿ ಮರಳಿದ ಒಂದು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಮೂರು ತಿಂಗಳು ದಾಟುವುದು ಅಪರೂಪ. ವೈವ್ಯಾಕ್ಸ್ ಮತ್ತು ಒವೇಲ್ ಜಾತಿಗಳ ಸ್ವಭಾವವೇ ಬೇರೆ. ಅವುಗಳ ಕೆಲವು ರೋಗಾಣುಗಳು ಯಕೃತ್ತಿನಲ್ಲಿ ನಿದ್ದೆ ಹೋದಂತೆ ಉಳಿದುಕೊಂಡು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷ ಕಳೆದ ಮೇಲೆ ಏಳುತ್ತವೆ. ಪ್ರವಾಸದ ಫೋಟೊಗಳನ್ನು ಕೂಡ ಮರೆತ ಹೊತ್ತಿನಲ್ಲಿ ಬರುವ ಜ್ವರ ಇದು. ಮರಳಿದ ಒಂದು ವರ್ಷದವರೆಗೆ ಬರುವ ಯಾವುದೇ ಜ್ವರಕ್ಕೂ ಪ್ರವಾಸದ ಕಥೆಯನ್ನು ಸೇರಿಸಿ ಹೇಳುವುದು ಒಳ್ಳೆಯದು.

ಮಲೇರಿಯಾ ಎಂದರೆ ದಿನ ಬಿಟ್ಟು ದಿನ ನಡುಗುವ ಚಳಿಜ್ವರ ಅಲ್ಲವೇ? ನನಗೆ ಹಾಗಿಲ್ಲ.

ಪಠ್ಯಪುಸ್ತಕದ ಮಲೇರಿಯಾ ಹಾಗೆ ಇರುತ್ತದೆ: ಮೊದಲು ನಡುಕ, ಆಮೇಲೆ ಸುಡುವ ಮೈ, ಕೊನೆಗೆ ಬೆವರು, 48 ಗಂಟೆಗಳಿಗೊಮ್ಮೆ ಮತ್ತೆ ಅದೇ ಸುತ್ತು. ಈ ಲಯ ಮೂಡಬೇಕಾದರೆ ರಕ್ತದಲ್ಲಿರುವ ರೋಗಾಣುಗಳೆಲ್ಲ ಒಂದೇ ಹೊತ್ತಿಗೆ ಬಲಿತು ಒಂದೇ ಹೊತ್ತಿಗೆ ಕಣಗಳನ್ನು ಒಡೆಯಬೇಕು. ಹಾಗೆ ಹೊಂದಿಕೊಳ್ಳಲು ಅವಕ್ಕೆ ಸಮಯ ಬೇಕು. ಹೊಸದಾಗಿ ಸೋಂಕು ತಗುಲಿದ ಪ್ರವಾಸಿಯಲ್ಲಿ ಜ್ವರ ಹೇಗೆ ಬೇಕಾದರೂ ಏರಿಳಿಯಬಹುದು, ಬಿಡದೆ ಕಾಯಬಹುದು, ದಿನಕ್ಕೆ ಎರಡು ಬಾರಿ ಬರಬಹುದು. ಲಯಕ್ಕಾಗಿ ಕಾಯುತ್ತ ಕೂತವರು ಕಳೆದುಕೊಳ್ಳುವುದು ಅಮೂಲ್ಯವಾದ ಎರಡು ಮೂರು ದಿನಗಳನ್ನು.

ಹೋಗಲಿ, ಬೇರೆ ಲಕ್ಷಣಗಳಾದರೂ ದಾರಿ ತೋರಿಸುತ್ತವೆಯೇ? ಅದೂ ಇಲ್ಲ. ತಲೆನೋವು, ಮೈಕೈ ನೋವು, ಸುಸ್ತು ಇದ್ದರೆ ಫ್ಲೂ ಎನ್ನುತ್ತಾರೆ. ವಾಂತಿ ಭೇದಿ ಇದ್ದರೆ ಹೊಟ್ಟೆ ಕೆಟ್ಟಿದೆ ಎನ್ನುತ್ತಾರೆ. ಕಣ್ಣು ಹಳದಿಯಾದರೆ ಕಾಮಾಲೆಯ ಜಾಡು ಹಿಡಿಯುತ್ತಾರೆ. ಕೆಮ್ಮಿದ್ದರೆ ಎದೆಯ ಎಕ್ಸ್‌ರೇ. ಈ ನಾಲ್ಕೂ ವೇಷಗಳಲ್ಲಿ ಮಲೇರಿಯಾ ಬರುತ್ತದೆ. ಲಕ್ಷಣಗಳನ್ನು ನೋಡಿ ಮಲೇರಿಯಾ ಹೌದೆನ್ನುವುದಾಗಲಿ ಅಲ್ಲವೆನ್ನುವುದಾಗಲಿ ಎಂಥ ಅನುಭವಿ ವೈದ್ಯರಿಗೂ ಸಾಧ್ಯವಿಲ್ಲ, ರಕ್ತವನ್ನು ನೋಡಲೇಬೇಕು.

ಆಸ್ಪತ್ರೆಗೆ ಹೋದಾಗ ಜ್ವರವೇ ಇರಲಿಲ್ಲ. ಆಗಲೂ ಪರೀಕ್ಷೆ ಬೇಕೇ?

ಬೇಕು. ಜ್ವರ ಇಳಿದ ಹೊತ್ತಿಗೆ ನೀವು ಅಲ್ಲಿ ಕೂತಿರಬಹುದು, ಅಥವಾ ಬೆಳಿಗ್ಗೆ ನುಂಗಿದ ಪ್ಯಾರಸಿಟಮಾಲ್ ಕೆಲಸ ಮಾಡುತ್ತಿರಬಹುದು. ಕಳೆದ ಕೆಲವು ದಿನಗಳಲ್ಲಿ ಜ್ವರ ಬಂದಿತ್ತು ಎಂಬ ಮಾತೇ ಸಾಕು.

ತಡೆಗಟ್ಟುವ ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡಿದ್ದೇನೆ. ಆದರೂ ಬರುತ್ತದೆಯೇ?

ಸಾಧ್ಯತೆ ಬಹಳ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ತಪ್ಪದೆ ತೆಗೆದುಕೊಂಡೆ ಎಂದು ಹೇಳುವವರಲ್ಲಿ ಹಲವರು ಊರಿಗೆ ಮರಳಿದ ದಿನವೇ ಮಾತ್ರೆ ನಿಲ್ಲಿಸಿರುತ್ತಾರೆ. ಡಾಕ್ಸಿಸೈಕ್ಲಿನ್ ಮತ್ತು ಮೆಫ್ಲೋಕ್ವಿನ್ ಅನ್ನು ಸೋಂಕಿನ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿದ ಮಾತ್ರೆಯನ್ನು ಏಳು ದಿನ. ಯಕೃತ್ತಿನಿಂದ ತಡವಾಗಿ ಹೊರಬೀಳುವ ರೋಗಾಣುಗಳನ್ನು ಹಿಡಿಯುವುದಕ್ಕೆ ಆ ಬಾಲಂಗೋಚಿ ದಿನಗಳೇ ಬೇಕು. ಜೊತೆಗೆ, ಈ ಮೂರೂ ಮಾತ್ರೆಗಳು ಯಕೃತ್ತಿನಲ್ಲಿ ಮಲಗಿರುವ ವೈವ್ಯಾಕ್ಸ್ ಮತ್ತು ಒವೇಲ್ ರೋಗಾಣುಗಳನ್ನು ಕೊಲ್ಲುವುದಿಲ್ಲ.

ಪತ್ತೆಯ ದೃಷ್ಟಿಯಿಂದ ಇನ್ನೊಂದು ತೊಡಕಿದೆ. ಅರೆಬರೆ ತೆಗೆದುಕೊಂಡ ಮಾತ್ರೆ ರೋಗವನ್ನು ತಡೆಯದೆ, ರಕ್ತದಲ್ಲಿ ರೋಗಾಣುಗಳ ಸಂಖ್ಯೆಯನ್ನು ಮಾತ್ರ ತಗ್ಗಿಸಬಹುದು. ಆಗ ಸೂಕ್ಷ್ಮದರ್ಶಕದ ಸ್ಲೈಡಿನಲ್ಲಿ ಅವು ಕಣ್ಣಿಗೆ ಬೀಳುವುದು ಕಷ್ಟ. ಬೇರೆ ಸೋಂಕಿಗೆಂದು ನುಂಗಿದ ಡಾಕ್ಸಿಸೈಕ್ಲಿನ್, ಕ್ಲಿಂಡಮೈಸಿನ್‌ನಂತಹ ಆಂಟಿಬಯಾಟಿಕ್‌ಗಳೂ ಇದೇ ಕೆಲಸ ಮಾಡಬಲ್ಲವು. ನುಂಗಿದ್ದನ್ನೆಲ್ಲ ವೈದ್ಯರಿಗೆ ಹೇಳಿ, ಮರೆತದ್ದನ್ನೂ ಹೇಳಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ನಷ್ಟ ನಿಮಗೇ.

ಸೊಳ್ಳೆ ಕಚ್ಚಿದ ನೆನಪೇ ಇಲ್ಲ. ಇದ್ದದ್ದು ಒಳ್ಳೆಯ ಹೋಟೆಲ್‌ನಲ್ಲಿ.

ಮಲೇರಿಯಾ ಹರಡುವ ಅನಾಫಿಲಿಸ್ ಹೆಣ್ಣು ಸೊಳ್ಳೆ ಮುಸ್ಸಂಜೆಯಿಂದ ಮುಂಜಾವಿನವರೆಗೆ ಕಚ್ಚುತ್ತದೆ. ನಿದ್ದೆಯಲ್ಲಿ ಕಚ್ಚಿದ್ದು ಯಾರಿಗೆ ನೆನಪಿರುತ್ತದೆ? ಹೋಟೆಲ್‌ನ ದರ್ಜೆ ಅದಕ್ಕೆ ತಿಳಿಯದು. ಒಂದೇ ರಾತ್ರಿಯ ತಂಗುವಿಕೆ ಸಾಕು. ವಿಮಾನದೊಳಗೆ ಸೇರಿ ಬಂದ ಸೊಳ್ಳೆಗಳಿಂದ, ಎಲ್ಲಿಗೂ ಪ್ರಯಾಣ ಮಾಡದ ವಿಮಾನ ನಿಲ್ದಾಣದ ಸುತ್ತಲಿನವರಿಗೂ ಮಲೇರಿಯಾ ಬಂದ ಉದಾಹರಣೆಗಳಿವೆ.

ನಾನು ಹುಟ್ಟಿ ಬೆಳೆದದ್ದೇ ಮಲೇರಿಯಾ ಇರುವ ದೇಶದಲ್ಲಿ. ನನಗೆ ರೋಗನಿರೋಧಕ ಶಕ್ತಿ ಇರಬೇಕಲ್ಲ?

ಇತ್ತು ಎನ್ನಬಹುದು. ಮೇಲಿಂದ ಮೇಲೆ ಸೋಂಕು ತಗುಲುತ್ತಿದ್ದರೆ ಮಾತ್ರ ಉಳಿಯುವ ಅರೆ ರಕ್ಷಣೆ ಅದು. ದೇಶ ಬಿಟ್ಟು ಕೆಲವು ವರ್ಷಗಳಾದರೆ ಬಹುಪಾಲು ಕರಗಿಹೋಗುತ್ತದೆ. ವಲಸೆ ಹೋದ ದೇಶದಲ್ಲಿ ಹುಟ್ಟಿದ ಮಕ್ಕಳಿಗಂತೂ ಅದು ಇರುವುದೇ ಇಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಆಸ್ಪತ್ರೆಗಳಿಗೆ ಮಲೇರಿಯಾದೊಂದಿಗೆ ಬರುವ ಪ್ರಯಾಣಿಕರಲ್ಲಿ ದೊಡ್ಡ ಪಾಲು ಸಾಹಸ ಪ್ರವಾಸಿಗಳದ್ದಲ್ಲ, ತಾಯ್ನಾಡಿಗೆ ನೆಂಟರನ್ನು ನೋಡಲು ಹೋಗಿ ಬಂದವರದ್ದು. ನಮ್ಮದೇ ಊರು, ನಮ್ಮದೇ ಸೊಳ್ಳೆ ಎಂಬ ಸಲುಗೆಯಿಂದ ಮಾತ್ರೆಯನ್ನೂ ಪರದೆಯನ್ನೂ ಬಿಟ್ಟವರು ಅವರು.

ವೈದ್ಯರಿಗೆ ಏನೇನು ಹೇಳಬೇಕು?

ದೇಶದ ಹೆಸರು ಸಾಲದು. ಒಂದೇ ದೇಶದಲ್ಲಿ ರಾಜಧಾನಿಯಲ್ಲಿ ಮಲೇರಿಯಾ ಇಲ್ಲದೆ, ಗಡಿಯ ಕಾಡಿನಲ್ಲಿ ದಂಡಿಯಾಗಿ ಇರಬಹುದು. ಎಲ್ಲೆಲ್ಲಿ ರಾತ್ರಿ ಕಳೆದಿರಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಜ್ವರ ಶುರುವಾದದ್ದು ಎಂದು, ಯಾವ ಮಾತ್ರೆ ಎಷ್ಟು ದಿನ, ಹಿಂದೆ ಎಂದಾದರೂ ಮಲೇರಿಯಾ ಬಂದಿತ್ತೇ, ಕೆರೆ ಹೊಳೆಗಳಲ್ಲಿ ಈಜಿದ್ದಿರೇ, ಉಣ್ಣೆ ಕಚ್ಚಿತ್ತೇ. ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದರೆ ಜ್ವರದ ಮಂಪರಿನಲ್ಲಿ ತಡವರಿಸಬೇಕಾಗಿಲ್ಲ. ಗರ್ಭಿಣಿಯಾಗಿದ್ದರೆ, ಗುಲ್ಮ ತೆಗೆಸಿಕೊಂಡಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಸ್ಥಳದಿಂದ ರೋಗಾಣುವಿನ ಜಾತಿಯ ಅಂದಾಜೂ ಸಿಗುತ್ತದೆ. 2023ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳಿದ್ದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವುಗಳಲ್ಲಿ ಶೇಕಡ 94ರಷ್ಟು ಆಫ್ರಿಕಾ ವಲಯದವು, ಅಲ್ಲಿ ಬಹುತೇಕ ಫಾಲ್ಸಿಪಾರಂ. ದಕ್ಷಿಣ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದಲ್ಲಿ ವೈವ್ಯಾಕ್ಸ್‌ನ ಪಾಲು ದೊಡ್ಡದು. ನಕ್ಷೆ ಬದಲಾಗುತ್ತಲೂ ಇರುತ್ತದೆ. ಶ್ರೀಲಂಕಾ 2016ರಲ್ಲಿ, ಚೀನಾ 2021ರಲ್ಲಿ, ಕೇಪ್ ವರ್ಡ್ ಮತ್ತು ಈಜಿಪ್ಟ್ 2024ರಲ್ಲಿ ಮಲೇರಿಯಾಮುಕ್ತ ಎಂಬ ಪ್ರಮಾಣಪತ್ರ ಪಡೆದಿವೆ. ಆದ್ದರಿಂದ ಹಳೆಯ ಪ್ರವಾಸಿ ಕೈಪಿಡಿಯನ್ನು ನಂಬಬೇಡಿ.

ರಕ್ತಲೇಪನ ಪರೀಕ್ಷೆ ಎಂದರೇನು? ಇಷ್ಟು ಹಳೆಯ ಪದ್ಧತಿಯನ್ನು ಇನ್ನೂ ಏಕೆ ಬಳಸುತ್ತಾರೆ?

ಹಳೆಯದು ಹೌದು. ಫ್ರೆಂಚ್ ಸೇನಾ ವೈದ್ಯ ಆಲ್ಫೋನ್ಸ್ ಲ್ಯಾವೆರಾನ್ 1880ರ ನವೆಂಬರ್‌ನಲ್ಲಿ ಅಲ್ಜೀರಿಯಾದಲ್ಲಿ ರೋಗಿಯೊಬ್ಬರ ರಕ್ತದಲ್ಲಿ ಈ ರೋಗಾಣುವನ್ನು ಮೊದಲು ಕಂಡದ್ದು ಸೂಕ್ಷ್ಮದರ್ಶಕದಲ್ಲೇ. ಇಂದಿಗೂ ರೋಗಾಣು ಇದೆಯೇ, ಯಾವ ಜಾತಿ, ಎಷ್ಟು ಎಂಬ ಮೂರೂ ಪ್ರಶ್ನೆಗಳಿಗೆ ಒಂದೆರಡು ಗಂಟೆಗಳಲ್ಲಿ ಉತ್ತರ ಕೊಡುವುದರಲ್ಲಿ ಅದನ್ನು ಮೀರಿಸಿದ್ದು ಬಂದಿಲ್ಲ.

ಎರಡು ಲೇಪನಗಳನ್ನು ಮಾಡುತ್ತಾರೆ. ದಪ್ಪ ಲೇಪನದಲ್ಲಿ ರಕ್ತದ ಹನಿಯನ್ನು ಗಾಜಿನ ಮೇಲೆ ಸಣ್ಣ ಬಿಲ್ಲೆಯಂತೆ ಹರಡಿ ಒಣಗಿಸುತ್ತಾರೆ. ಬಣ್ಣ ಹಾಕುವಾಗ ಕೆಂಪು ಕಣಗಳು ಒಡೆದು ಕರಗಿಹೋಗಿ ರೋಗಾಣುಗಳು ಉಳಿಯುತ್ತವೆ. ಹೆಚ್ಚು ರಕ್ತ ಒಂದೇ ನೋಟಕ್ಕೆ ಸಿಗುವುದರಿಂದ, ಸಂಖ್ಯೆ ಕಡಿಮೆ ಇದ್ದರೂ ಕಣ್ಣಿಗೆ ಬೀಳುತ್ತವೆ. ತೆಳು ಲೇಪನದಲ್ಲಿ ರಕ್ತವನ್ನು ಒಂದೇ ಕಣದ ಪದರವಾಗಿ ಎಳೆದು ಮೆಥನಾಲ್‌ನಿಂದ ಗಟ್ಟಿಗೊಳಿಸುತ್ತಾರೆ. ಕಣಗಳು ಇಡಿಯಾಗಿ ಉಳಿದು, ಅವುಗಳೊಳಗೆ ರೋಗಾಣು ಹೇಗೆ ಕೂತಿದೆ ಎಂಬುದು ಕಾಣುತ್ತದೆ. ಜಾತಿ ಗುರುತಿಸುವುದೂ ಸೋಂಕಿತ ಕಣಗಳನ್ನು ಎಣಿಸುವುದೂ ಇದರಲ್ಲಿ. ಕಣದ ಅಂಚಿಗೆ ಅಂಟಿಕೊಂಡ ನಾಜೂಕಾದ ಉಂಗುರಗಳು, ಒಂದೇ ಕಣದಲ್ಲಿ ಎರಡು ಮೂರು ಉಂಗುರಗಳು, ಬಾಳೆಹಣ್ಣಿನಂತೆ ಬಾಗಿದ ರೂಪ ಕಂಡರೆ ಫಾಲ್ಸಿಪಾರಂ. ಕಣ ಊದಿಕೊಂಡು, ಒಳಗೆ ಗುಲಾಬಿ ಚುಕ್ಕೆಗಳು ತುಂಬಿದ್ದರೆ ವೈವ್ಯಾಕ್ಸ್ ಅಥವಾ ಒವೇಲ್.

ಎಣಿಕೆಯ ಸೂಕ್ಷ್ಮ ನೋಡಿ. ಶೇಕಡ 1ರಷ್ಟು ಕಣಗಳಲ್ಲಿ ಸೋಂಕಿದೆ ಎಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 50,000 ರೋಗಾಣುಗಳು. ಪಳಗಿದ ಕಣ್ಣು ದಪ್ಪ ಲೇಪನದಲ್ಲಿ ಮೈಕ್ರೋಲೀಟರಿಗೆ ಹತ್ತರಷ್ಟಿದ್ದರೂ ಹಿಡಿಯಬಲ್ಲದು; ವರ್ಷಕ್ಕೆ ನಾಲ್ಕೈದು ಮಲೇರಿಯಾ ಸ್ಲೈಡ್ ನೋಡುವವರಿಗೆ ನೂರು ಇದ್ದರೂ ತಪ್ಪಿಹೋಗಬಹುದು. ಈ ಪದ್ಧತಿಯ ಬಲವೂ ದೌರ್ಬಲ್ಯವೂ ಒಂದೇ: ನೋಡುವ ವ್ಯಕ್ತಿ. ಮಲೇರಿಯಾ ಅಪರೂಪವಾದ ದೇಶಗಳಲ್ಲಿ ಇದೇ ತಲೆನೋವು. ಜೊತೆಗೆ, ತೆಗೆದ ರಕ್ತವನ್ನು ಟ್ಯೂಬಿನಲ್ಲಿ ಗಂಟೆಗಟ್ಟಲೆ ಇಟ್ಟರೆ ರೋಗಾಣುಗಳ ರೂಪ ಕೆಡುತ್ತದೆ. ಒಂದೆರಡು ಗಂಟೆಯೊಳಗೆ ಲೇಪನ ಮಾಡಿದರೆ ಉತ್ತಮ.

ರ್‍ಯಾಪಿಡ್ ಕಿಟ್ ಪರೀಕ್ಷೆಯಷ್ಟೇ ಸಾಲದೇ?

ಬೆರಳಿನಿಂದ ಒಂದು ಹನಿ ರಕ್ತ, ಹದಿನೈದು ಇಪ್ಪತ್ತು ನಿಮಿಷ, ಒಂದೋ ಎರಡೋ ಗೆರೆ. ಪರಿಣತರಿಲ್ಲದ ಅರ್ಧರಾತ್ರಿಯಲ್ಲಿ ಇದು ದೊಡ್ಡ ವರ. ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದು ಬಿಡುಗಡೆ ಮಾಡುವ ಪ್ರೋಟೀನುಗಳನ್ನು. ಫಾಲ್ಸಿಪಾರಂ ಪತ್ತೆಗೆ ಹೆಚ್ಚಾಗಿ ಬಳಸುವುದು ಎಚ್‌ಆರ್‌ಪಿ2 ಎಂಬ ಪ್ರೋಟೀನ್.

ತೊಂದರೆಗಳು ಇಲ್ಲಿಂದಲೇ ಶುರು. ಕೆಲವು ಫಾಲ್ಸಿಪಾರಂ ತಳಿಗಳು ಆ ಪ್ರೋಟೀನ್ ತಯಾರಿಸುವ ಜೀನನ್ನೇ ಕಳೆದುಕೊಂಡಿವೆ. ಪೆರುವಿನ ಅಮೆಜಾನ್‌ನಲ್ಲಿ ಇಂಥವು ಪತ್ತೆಯಾದದ್ದು 2010ರಲ್ಲಿ ಪ್ರಕಟವಾಯಿತು. ಆಮೇಲೆ ಎರಿಟ್ರಿಯಾ, ಇಥಿಯೋಪಿಯಾ, ಜಿಬೂಟಿಗಳಲ್ಲೂ ಕಂಡುಬಂದಿವೆ. ಅಲ್ಲಿಂದ ಬಂದ ಪ್ರವಾಸಿಯ ರಕ್ತದಲ್ಲಿ ರೋಗಾಣು ತುಂಬಿದ್ದರೂ ಕಿಟ್ ಇಲ್ಲ ಎನ್ನಬಹುದು. ರೋಗಾಣುಗಳು ತೀರಾ ಹೆಚ್ಚಿದ್ದಾಗಲೂ ಅಪರೂಪಕ್ಕೆ ಗೆರೆ ಮೂಡದೆ ಹೋಗುವುದುಂಟು. ಒವೇಲ್, ಮಲೇರಿಯೇ, ನೋಲೆಸಿ ಜಾತಿಗಳನ್ನು ಹಿಡಿಯುವುದರಲ್ಲಿ ಕಿಟ್‌ಗಳು ದುರ್ಬಲ. ಎಷ್ಟು ರೋಗಾಣುಗಳಿವೆ ಎಂದು ಹೇಳುವುದಂತೂ ಅವಕ್ಕೆ ಬಾರದು. ಕಿಟ್ ಮತ್ತು ಲೇಪನ ಎರಡನ್ನೂ ಮಾಡಿಸಿ. ಒಂದಕ್ಕೆ ಬದಲಾಗಿ ಇನ್ನೊಂದಲ್ಲ.

ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಇನ್ನು ನಿಶ್ಚಿಂತೆಯಿಂದ ಇರಬಹುದೇ?

ಇರಬಾರದು. ಜನ ಮೋಸಹೋಗುವುದು ಇಲ್ಲೇ. ಫಾಲ್ಸಿಪಾರಂ ರೋಗಾಣು ಬಲಿತಂತೆ, ಅದಿರುವ ಕಣ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡುಬಿಡುತ್ತದೆ: ಮಿದುಳಿನಲ್ಲಿ, ಮೂತ್ರಪಿಂಡದಲ್ಲಿ, ಕರುಳಿನಲ್ಲಿ. ತೋಳಿನಿಂದ ತೆಗೆದ ರಕ್ತದಲ್ಲಿ ಕಾಣುವುದು ಇನ್ನೂ ಎಳೆಯದಾದ ಉಂಗುರ ರೂಪಗಳಷ್ಟೇ. ಬಹುಪಾಲು ರೋಗಾಣುಗಳು ಅಂಟಿ ಕೂತ ಗಳಿಗೆಯಲ್ಲಿ ರಕ್ತ ತೆಗೆದರೆ ಸ್ಲೈಡ್ ಬರಿದಾಗಿ ಕಾಣಬಹುದು. ಕೆಲವು ಗಂಟೆಗಳ ನಂತರ ಹೊಸ ಪೀಳಿಗೆ ಹೊರಬಂದಾಗ ಅದೇ ರಕ್ತ ತುಂಬಿರುತ್ತದೆ. ಆದ್ದರಿಂದಲೇ 12ರಿಂದ 24 ಗಂಟೆಗಳಿಗೊಮ್ಮೆ ಒಟ್ಟು ಮೂರು ಬಾರಿಯಾದರೂ ಪರೀಕ್ಷಿಸಬೇಕೆಂಬ ನಿಯಮ. ಮೂರೂ ಬಾರಿ ಕಾಣದಿದ್ದರೆ ಮಲೇರಿಯಾ ಇರುವ ಸಂಭವ ತೀರಾ ಕಡಿಮೆ. ಜ್ವರ ಏರಿದಾಗಲೇ ರಕ್ತ ತೆಗೆಯಬೇಕು ಎಂದು ಕಾಯುವುದು ಮಾತ್ರ ಬೇಡ.

ನನ್ನನ್ನು ಕೇಳಿದರೆ, ಎರಡನೆಯ ಪರೀಕ್ಷೆಗೆ ಯಾವಾಗ ಬರಬೇಕು ಎಂದು ಗಂಟೆ ಸಹಿತ ಬರೆಸಿಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ. "ಕಡಿಮೆಯಾಗದಿದ್ದರೆ ಬನ್ನಿ" ಎಂಬ ಮಾತು ಈ ರೋಗಕ್ಕೆ ಹೊಂದುವುದಿಲ್ಲ.

ಪಿಸಿಆರ್ ಎಲ್ಲಕ್ಕಿಂತ ಸೂಕ್ಷ್ಮ ಎನ್ನುತ್ತಾರೆ. ಅದನ್ನೇ ಮೊದಲು ಏಕೆ ಮಾಡಬಾರದು?

ಸೂಕ್ಷ್ಮ ನಿಜ, ರೋಗಾಣುವಿನ ಡಿಎನ್‌ಎ ಹುಡುಕುವ ಈ ಪರೀಕ್ಷೆ ಸ್ಲೈಡಿಗೆ ಸಿಗದಷ್ಟು ಕಡಿಮೆ ರೋಗಾಣುಗಳನ್ನೂ ಹಿಡಿಯುತ್ತದೆ. ಆದರೆ ಹಲವೆಡೆ ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು, ಫಲಿತಾಂಶಕ್ಕೆ ದಿನಗಳೇ ಬೇಕು. ಫಾಲ್ಸಿಪಾರಂ ಅಷ್ಟು ದಿನ ಕಾಯುವುದಿಲ್ಲ. ಪಿಸಿಆರ್ ಹೆಚ್ಚು ಉಪಯೋಗಕ್ಕೆ ಬರುವುದು ಜಾತಿಯನ್ನು ಖಚಿತಪಡಿಸಲು, ಎರಡು ಜಾತಿಗಳು ಬೆರೆತಿವೆಯೇ ಎಂದು ನೋಡಲು. ಅದರ ತಮ್ಮನಂತಿರುವ ಲ್ಯಾಂಪ್ ಎಂಬ ವಿಧಾನ ಒಂದು ಗಂಟೆಯ ಆಸುಪಾಸಿನಲ್ಲಿ ಉತ್ತರ ಕೊಡುತ್ತದೆ. ಅದು ಇರುವ ಕಡೆ ಮೊದಲ ಜರಡಿಯಾಗಿ ಬಳಸುತ್ತಾರೆ.

ಆ್ಯಂಟಿಬಾಡಿ ಪರೀಕ್ಷೆ?

ಈಗಿನ ಜ್ವರಕ್ಕೆ ನಿರುಪಯೋಗಿ. ಎಂದೋ ಬಂದುಹೋದ ಸೋಂಕನ್ನೂ ಅದು ತೋರಿಸುತ್ತದೆ, ಈಗ ತಾನೇ ಶುರುವಾದದ್ದನ್ನು ತೋರಿಸದೆಯೂ ಇರಬಹುದು.

ಪ್ಲೇಟ್‌ಲೆಟ್ ಕಡಿಮೆ ಇದೆ, ಡೆಂಗಿ ಇರಬೇಕು ಎಂದರು. ಅಷ್ಟಕ್ಕೆ ಬಿಡಬಹುದೇ?

ಪ್ಲೇಟ್‌ಲೆಟ್ ಕಡಿಮೆಯಾಗುವುದು ಮಲೇರಿಯಾದಲ್ಲೂ ಬಹಳ ಸಾಮಾನ್ಯ. ಅದರ ಜೊತೆಗೆ ಕಣ್ಣನ್ನು ಹಳದಿಯಾಗಿಸುವ ಬಿಲಿರುಬಿನ್ ಏರಿದ್ದು, ಬಿಳಿ ರಕ್ತಕಣಗಳ ಸಂಖ್ಯೆ ಸಹಜವಾಗಿದ್ದರೆ ಮಲೇರಿಯಾದ ಅನುಮಾನ ಬಲವಾಗಬೇಕು. ದಿನಗಳ ಲೆಕ್ಕವೂ ನೆರವಾಗುತ್ತದೆ: ಡೆಂಗಿ ಸೊಳ್ಳೆ ಕಚ್ಚಿದ 14 ದಿನಗಳೊಳಗೆ ಕಾಣಿಸಿಕೊಳ್ಳಬೇಕು. ಆ ಪ್ರದೇಶ ಬಿಟ್ಟು ಮೂರು ವಾರಗಳಾದ ಮೇಲೆ ಶುರುವಾದ ಜ್ವರಕ್ಕೆ ಡೆಂಗಿಯ ಹೆಸರು ಹಚ್ಚುವುದು ತಪ್ಪು. ಟೈಫಾಯ್ಡ್, ಇಲಿಜ್ವರ, ಉಣ್ಣೆಗಳಿಂದ ಬರುವ ರಿಕೆಟ್ಸಿಯಾ ಜ್ವರಗಳೂ ಪಟ್ಟಿಯಲ್ಲಿರುತ್ತವೆ. ಒಬ್ಬರಲ್ಲೇ ಎರಡು ರೋಗಗಳಿರಲೂಬಹುದು, ಹಾಗಾಗಿ ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವಂತಿಲ್ಲ.

ಮಲೇರಿಯಾ ಎಂದು ಗೊತ್ತಾದ ಮೇಲೆ ಜಾತಿಯ ಗೊಡವೆ ಏಕೆ?

ಔಷಧ ಅದನ್ನು ಅವಲಂಬಿಸಿದೆ. ವೈವ್ಯಾಕ್ಸ್ ಅಥವಾ ಒವೇಲ್ ಆಗಿದ್ದರೆ ರಕ್ತದಲ್ಲಿರುವುದನ್ನು ಕೊಂದರೆ ಸಾಲದು, ಯಕೃತ್ತಿನಲ್ಲಿ ಮಲಗಿರುವುದನ್ನೂ ಪ್ರೈಮಾಕ್ವಿನ್ ಅಥವಾ ಟಾಫೆನೋಕ್ವಿನ್‌ನಿಂದ ಕೊಲ್ಲಬೇಕು. ಇಲ್ಲವಾದರೆ ಜ್ವರ ಮರಳುತ್ತದೆ. ಆ ಔಷಧ ಕೊಡುವ ಮೊದಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಆಗಲೇಬೇಕು, ಏಕೆಂದರೆ ಆ ಕಿಣ್ವದ ಕೊರತೆ ಇರುವವರಲ್ಲಿ ಈ ಔಷಧಗಳಿಂದ ಕೆಂಪು ಕಣಗಳು ರಾಶಿಯಾಗಿ ಒಡೆಯಬಹುದು.

ನೋಲೆಸಿಯದ್ದು ಇನ್ನೊಂದು ಕಥೆ. ಆಗ್ನೇಯ ಏಷ್ಯಾದ ಕೋತಿಗಳ ಮಲೇರಿಯಾ ಅದು, ಕಾಡಿನಂಚಿನಲ್ಲಿ ಮನುಷ್ಯರಿಗೂ ತಗುಲುತ್ತದೆ. ಮಲೇಷಿಯಾದ ಸರವಾಕ್‌ನಲ್ಲಿ ಬಹಳ ಜನರಿಗೆ ಬಂದಿದ್ದ ಈ ರೋಗವನ್ನು ಸೌಮ್ಯವಾದ ಮಲೇರಿಯೇ ಜಾತಿ ಎಂದೇ ಸ್ಲೈಡಿನಲ್ಲಿ ತಪ್ಪಾಗಿ ಓದಲಾಗುತ್ತಿತ್ತು. 2004ರಲ್ಲಿ ಪಿಸಿಆರ್ ಅದರ ಗುಟ್ಟು ಬಯಲು ಮಾಡಿತು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ. ಆದರೆ ನೋಲೆಸಿ 24 ಗಂಟೆಗೊಮ್ಮೆ ಹೆಚ್ಚುತ್ತದೆ, ಪ್ರಾಣ ತೆಗೆಯಬಲ್ಲದು. ಬೋರ್ನಿಯೋ ಕಾಡು ಸುತ್ತಿ ಬಂದವರ ವರದಿಯಲ್ಲಿ ಮಲೇರಿಯೇ ಎಂದಿದ್ದರೆ ಇನ್ನೊಮ್ಮೆ ಪ್ರಶ್ನಿಸಬೇಕು.

ಯಾವ ಲಕ್ಷಣ ಕಂಡರೆ ತಡಮಾಡದೆ ತುರ್ತು ಘಟಕಕ್ಕೆ ಹೋಗಬೇಕು?

ಗೊಂದಲದ ಮಾತು, ಅತಿಯಾದ ಮಂಪರು, ಸೆಳವು, ಏದುಸಿರು, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಅಥವಾ ಕಡುಬಣ್ಣಕ್ಕೆ ತಿರುಗುವುದು, ಏಳಲಾರದಷ್ಟು ನಿಶ್ಶಕ್ತಿ, ನಿಲ್ಲದ ವಾಂತಿ. ಆದರೆ ಇವುಗಳಿಗಾಗಿ ಕಾಯಬೇಡಿ. ಚೆನ್ನಾಗಿಯೇ ನಡೆದು ಬಂದವರು ಒಂದೆರಡು ದಿನಗಳಲ್ಲಿ ತೀವ್ರ ನಿಗಾ ಘಟಕ ಸೇರುವುದು ಫಾಲ್ಸಿಪಾರಂನ ರೀತಿ. ಜ್ವರ ಬಂದ ದಿನವೇ ಪರೀಕ್ಷೆ, ಅದೇ ದಿನ ಫಲಿತಾಂಶ.

ಎಣಿಕೆಯೂ ಎಚ್ಚರಿಕೆಯ ಗಂಟೆ. ಬ್ರಿಟನ್‌ನ ಮಾರ್ಗಸೂಚಿಯಲ್ಲಿ ಫಾಲ್ಸಿಪಾರಂ ಸೋಂಕಿತ ಕಣಗಳು ಶೇಕಡ 2 ದಾಟಿದರೆ ಪರಿಸ್ಥಿತಿ ಬಿಗಡಾಯಿಸುವ ಅಪಾಯ ಹೆಚ್ಚು ಎಂದು ನೋಡುತ್ತಾರೆ. ಅಮೆರಿಕದಲ್ಲಿ ಶೇಕಡ 5, ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಶೇಕಡ 10 ತೀವ್ರ ಮಲೇರಿಯಾದ ಗೆರೆ. ತೀವ್ರವಾದಾಗ ಕೊಡುವುದು ಅಭಿಧಮನಿಯ ಮೂಲಕ ಆರ್ಟಿಸುನೇಟ್.

ಮಕ್ಕಳು ಮತ್ತು ಗರ್ಭಿಣಿಯರಲ್ಲಿ ಬೇರೆ ಏನಾದರೂ ಗಮನಿಸಬೇಕೇ?

ಪುಟ್ಟ ಮಕ್ಕಳು ಚಳಿ ಎನ್ನುವುದಿಲ್ಲ, ತಲೆನೋವು ಎನ್ನುವುದಿಲ್ಲ. ಊಟ ಬಿಡುತ್ತಾರೆ, ರಚ್ಚೆ ಹಿಡಿಯುತ್ತಾರೆ, ವಾಂತಿ ಮಾಡುತ್ತಾರೆ, ಸುಮ್ಮನೆ ಮಲಗಿಬಿಡುತ್ತಾರೆ. ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ. ಗರ್ಭಿಣಿಯರಲ್ಲಿ ಫಾಲ್ಸಿಪಾರಂ ಸೋಂಕಿನ ಕಣಗಳು ಮಾಸಿನಲ್ಲಿ ಶೇಖರವಾಗುವುದರಿಂದ, ತೋಳಿನ ರಕ್ತದ ಸ್ಲೈಡಿನಲ್ಲಿ ಏನೂ ಕಾಣದೆ ತಾಯಿ ಮಗು ಇಬ್ಬರೂ ಅಪಾಯದಲ್ಲಿರಬಹುದು. ಇಲ್ಲಿ ಅನುಮಾನ ಬಲವಾಗಿದ್ದರೆ ಪಿಸಿಆರ್‌ವರೆಗೂ ಹೋಗಬೇಕು.

ಪ್ರವಾಸದಲ್ಲಿ ಕೊಂಡ ಮಲೇರಿಯಾ ಮಾತ್ರೆ ಬ್ಯಾಗಿನಲ್ಲಿದೆ. ನುಂಗಿ ನೋಡಲೇ?

ಆಸ್ಪತ್ರೆ ತಲುಪಲಾಗದ ಕಾಡಿನಲ್ಲಿದ್ದರೆ ಆ ಮಾತು ಬೇರೆ. ಮನೆಗೆ ಮರಳಿದ ಮೇಲೆ ಬೇಡ. ಔಷಧ ನಕಲಿಯೂ ಇರಬಹುದು; ಅಸಲಿಯಾಗಿದ್ದರೆ ಅರೆಬರೆ ಡೋಸು ರೋಗವನ್ನು ಮರೆಮಾಚುತ್ತದೆ.

ನನ್ನಿಂದ ಮನೆಯವರಿಗೆ ಹರಡುತ್ತದೆಯೇ?

ಮುಟ್ಟಿದರೆ, ಕೆಮ್ಮಿದರೆ, ಒಟ್ಟಿಗೆ ಉಂಡರೆ ಹರಡುವುದಿಲ್ಲ. ಆದರೆ ನಿಮ್ಮ ಜೊತೆ ಪ್ರವಾಸಕ್ಕೆ ಬಂದವರಿಗೆ ತಿಳಿಸಿ. ಅವರನ್ನೂ ಅದೇ ಸೊಳ್ಳೆಗಳು ಕಚ್ಚಿರಬಹುದು.

ಚಿಕಿತ್ಸೆ ಮುಗಿದರೂ ಕಿಟ್‌ನಲ್ಲಿ ಎರಡು ಗೆರೆ ಬರುತ್ತಿದೆ. ವಾಸಿಯಾಗಿಲ್ಲವೇ?

ಎಚ್‌ಆರ್‌ಪಿ2 ಪ್ರೋಟೀನ್ ರೋಗಾಣು ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ವಾಸಿಯಾಗಿದೆಯೇ ಎಂದು ತಿಳಿಯಲು ಸ್ಲೈಡನ್ನೇ ನೋಡಬೇಕು. ಆರ್ಟಿಸುನೇಟ್ ಪಡೆದವರು ಇನ್ನೂ ಒಂದನ್ನು ಗಮನಿಸಬೇಕು: ಚಿಕಿತ್ಸೆಯ ಒಂದರಿಂದ ನಾಲ್ಕು ವಾರಗಳ ನಡುವೆ ಕೆಲವರಲ್ಲಿ ಕೆಂಪು ಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಆ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ವಾಡಿಕೆ.

ರಕ್ತದಾನ ಮಾಡಬಹುದೇ?

ಸದ್ಯಕ್ಕೆ ಇಲ್ಲ. ಮಲೇರಿಯೇ ಜಾತಿ ಲಕ್ಷಣವಿಲ್ಲದೆ ದಶಕಗಳ ಕಾಲ ರಕ್ತದಲ್ಲಿ ಉಳಿದದ್ದುಂಟು, ರಕ್ತದ ಮೂಲಕ ಇನ್ನೊಬ್ಬರಿಗೆ ದಾಟಿದ್ದೂ ಉಂಟು. ಎಷ್ಟು ಕಾಲ ಕಾಯಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ರೋಗವೇ ಬರದೆ ಬರೀ ಪ್ರವಾಸ ಮಾಡಿ ಬಂದವರಿಗೂ ಕಾಯುವ ಅವಧಿ ಇದೆ. ಅರ್ಜಿಯಲ್ಲಿ ಪ್ರಯಾಣದ ಪ್ರಶ್ನೆ ಇರುವುದು ಅದಕ್ಕೇ.